ಹೊಸ್ತಿಲಿಲ್ಲದ ಮನೆಯಲ್ಲಿ ಏಳು ತಿಂಗಳು

ಮೊದಲ ಬೆಳಿಗ್ಗೆ ಒಬ್ಬ ಹುಡುಗಿ ಬಾಗಿಲು ತಟ್ಟದೆ ಒಳಗೆ ಬಂದಳು. ನಮ್ಮ ಹೆಸರು ಕೇಳಲಿಲ್ಲ, ಯಾವೂರು ಎಂದೂ ಕೇಳಲಿಲ್ಲ. ಕೈಯಲ್ಲಿ ಒಂದು ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ, ದಾರ ಕಟ್ಟಿದ ಪೆನ್ನು. "ಮೋಷನ್ ಆಯ್ತಾಮ್ಮಾ?" ಎಂದಳು.

ಮಂಚದ ಮೇಲಿದ್ದ ತಾಯಮ್ಮಕ್ಕ ನನ್ನ ಮುಖ ನೋಡಿದಳು. ಕೆರೆ ಕಡೆ ಹೋಗಿ ಬಂದಿರಾ ಎಂದು ನಮ್ಮೂರಲ್ಲಿ ಸುತ್ತಿ ಬಳಸಿ ಕೇಳುವುದನ್ನೇ ಇಲ್ಲಿ ಹೀಗೆ ಕೇಳುತ್ತಾರೆ ಎಂದು ಮೆಲ್ಲಗೆ ಹೇಳಿದೆ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಪ್ಪತ್ತು ದಾಟಿದ ಹೆಂಗಸು, ಆ ಮಾತನ್ನು ಕಟ್ಟಿಕೊಂಡ ಗಂಡನ ಮುಂದೂ ಆಡಿದವಳಲ್ಲ. ಹುಡುಗಿ ನಗಲಿಲ್ಲ, ಬೇಸರವನ್ನೂ ಪಡಲಿಲ್ಲ, ಪೆನ್ನು ಹಿಡಿದು ಕಾಯುತ್ತ ನಿಂತಳು. ಇಲ್ಲ ಎಂದು ನಾನು ತಲೆಯಾಡಿಸಿದೆ. ಹಾಳೆಯ ಮೇಲೆ ಒಂದು ಅಡ್ಡಗೆರೆ ಬಿತ್ತು. ಅವಳು ಹೋದ ಮೇಲೆ ಅಕ್ಕ, "ಇದ್ನೂ ಬರ್ಕಂಡೋಯ್ತಾರಾ ಕೂಸು?" ಎಂದಳು. ನಾನು ಹದಿನೇಳನೇ ವಯಸ್ಸಿಗೆ ಅವಳಿದ್ದ ಮನೆಗೆ ಎರಡನೇ ಸೊಸೆಯಾಗಿ ಬಂದ ದಿನ ಅವಳು ನನ್ನನ್ನು ಕೂಸು ಎಂದು ಕರೆದಿದ್ದಳು. ನನಗೆ ಅರವತ್ತಮೂರಾದರೂ ಅದು ಬದಲಾಗಿರಲಿಲ್ಲ.

ನಾವು ಬಂದದ್ದು ಬಹಳ ದೂರಕ್ಕೇನಲ್ಲ. ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಿಂದ ಕೊಳ್ಳೇಗಾಲಕ್ಕೆ ಒಂದು ಬಸ್ಸು, ಅಲ್ಲಿಂದ ಹನೂರಿನ ಕಡೆಗೆ ಇನ್ನೊಂದು. ಬೆಳಗಿನ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮೊದಲೇ ತಲುಪಬಹುದು. ಇಷ್ಟಕ್ಕೆ ವಲಸೆ ಎನ್ನುತ್ತಾರೆಯೇ ಎಂದು ನೀವು ಕೇಳಬಹುದು. ಮೊದಲ ದಿನ ಅಕ್ಕನ ಮಗ ಮಾದೇಶ ಅವಳ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಹೋದಾಗ, ಹಿಂದೆ ಬರುತ್ತಿದ್ದ ನಾನು ಬಾಗಿಲಲ್ಲಿ ಅಭ್ಯಾಸದಂತೆ ಕಾಲೆತ್ತಿ ಇಟ್ಟೆ. ಎತ್ತಿದ ಕಾಲು ಸಮನಾದ ನೆಲಕ್ಕೆ ಧಪ್ಪನೆ ಬಿದ್ದು ಮುಗ್ಗರಿಸಿದೆ. ಅಲ್ಲಿ ಹೊಸ್ತಿಲೇ ಇರಲಿಲ್ಲ. ಗಾಲಿ ತಡೆಯಬಾರದೆಂದು, ವಯಸ್ಸಾದವರನ್ನು ನೋಡಿಕೊಳ್ಳುವ ಆ ಮನೆಯ ಯಾವ ಬಾಗಿಲಿಗೂ ಹೊಸ್ತಿಲು ಇಟ್ಟಿಲ್ಲ. ಹೊರಗೆ ಎಲ್ಲಿ ಮುಗಿಯಿತು, ಒಳಗೆ ಎಲ್ಲಿ ಶುರುವಾಯಿತು ಎಂದು ಕಾಲಿಗೆ ತಿಳಿಯದ ಮನೆಯನ್ನು ನಾನು ಅದೇ ಮೊದಲು ನೋಡಿದ್ದು.

ಈಗ ಮಾಂಬಳ್ಳಿ, ಅಗರದ ಕಡೆಯಿಂದ ಆಗಾಗ ಫೋನ್ ಬರುತ್ತದೆ. ನಮ್ಮವ್ವನಿಗೂ ಹೀಗಾಗಿದೆ, ನಮ್ಮತ್ತೆ ಮಲಗಿಬಿಟ್ಟಿದ್ದಾರೆ, ಅಲ್ಲಿ ಹೇಗೆ, ಸೇರಿಸಬಹುದೇ ಎಂದು ಕೇಳುತ್ತಾರೆ. ಫೋನಿನಲ್ಲಿ ಅರ್ಧ ಹೇಳಿ ಇಟ್ಟುಬಿಡುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ. ಒಳ್ಳೆಯದನ್ನೂ ಬರೆಯುತ್ತೇನೆ, ಕೆಟ್ಟದ್ದನ್ನೂ ಬರೆಯುತ್ತೇನೆ.

ತಾಯಮ್ಮಕ್ಕ ನನ್ನ ವಾರಗಿತ್ತಿ. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಒಲೆಗೆ ಬಂದವರು ನಾವು. ಆ ಅಣ್ಣನೂ ಹೋದರು, ತಮ್ಮನೂ ಹೋದರು, ನಾವಿಬ್ಬರು ಉಳಿದೆವು. ನನಗೆ ಮಕ್ಕಳಾಗಲಿಲ್ಲ. ಅಕ್ಕನ ಮಗ ಮಾದೇಶ ಅವಳನ್ನು ಅವ್ವ ಎಂದ, ನನ್ನನ್ನು ಚಿಕ್ಕವ್ವ ಎಂದ, ಯಾರು ಕರೆದರೂ ಉಣ್ಣಲು ಬಂದ. ಅಕ್ಕ ಊರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಕುದಿಯುವ ನೀರಿನಲ್ಲಿ ಗೂಡು ಹಾಕಿ ಎಳೆಯ ತುದಿ ಹುಡುಕುವ ಕೆಲಸ. ಅವಳ ಬೆರಳ ತುದಿಗಳು ಸವೆದು ನುಣ್ಣಗಾಗಿ, ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಎಂದೂ ಒಪ್ಪಿಕೊಳ್ಳಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಓದಿದ್ದೆ. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಿದಾಗ ಮನೆಯವರೆಲ್ಲ ಬೇಡವೆಂದರು. ಅಕ್ಕ ಒಬ್ಬಳೇ, "ಓಗ್ಲಿ ಬುಡಿ, ಮುದ್ದೆ ನಾ ತಿರುವ್ತೀನಿ" ಎಂದಳು. ಮೂವತ್ತು ವರ್ಷ ನಾನು ಪರರ ಮಕ್ಕಳಿಗೆ ಅಕ್ಷರ ತೀಡಿಸಿ ಬಂದೆ. ಮೂವತ್ತು ವರ್ಷ ಅವಳು ಮುದ್ದೆ ತಿರುವಿದಳು.

ಹಿತ್ತಲಲ್ಲಿ ಜಾರಿ ಬಿದ್ದು ಅಕ್ಕನ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದ ಮೇಲೂ ನಿಲ್ಲಲಾಗಲಿಲ್ಲ. ಮಾದೇಶನಿಗೆ ಯಳಂದೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ. ಅವನ ಹೆಂಡತಿ ಸುಧಾ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ನಾನು, ಅಕ್ಕ. ಎತ್ತುವುದು, ಹೊರಳಿಸುವುದು, ತೊಳೆಯುವುದು. ನಮ್ಮ ಕಕ್ಕಸು ಹಿತ್ತಲಲ್ಲಿ, ಎರಡು ಮೆಟ್ಟಿಲು ಇಳಿದು ಹೋಗಬೇಕು. ನನ್ನ ಬೆನ್ನು ಹಿಡಿದುಕೊಂಡಿತು. ಬೆನ್ನಿಗಿಂತ ಮೊದಲು ಬಾಯಿ ಕೆಟ್ಟಿತು. ಸುಮ್ಮಸುಮ್ಮನೆ ರೇಗುತ್ತಿದ್ದೆ. ಒಂದು ಮಧ್ಯಾಹ್ನ, ಮೂರನೇ ಸಲ ಹಾಸಿಗೆ ಒದ್ದೆಯಾದಾಗ, ಅವಳ ತೊಡೆಗೆ ಹೊಡೆದೆ. ಜೋರಾಗಿಯೇ ಹೊಡೆದೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ, "ನಿಂಗೆ ಸುಸ್ತಾಗದೆ ಕೂಸು" ಎಂದಳು.

ಅವತ್ತು ಸಂಜೆ ಮಾದೇಶನಿಗೆ ಎಲ್ಲ ಹೇಳಿದೆ. ಅವನು ನನ್ನನ್ನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ನಾಲ್ಕು ದಿನ ಬಿಟ್ಟು ಫೋನಿನಲ್ಲಿ ಚಿತ್ರ ತೋರಿಸಿದ. ಹಳದಿ ಬಣ್ಣದ ಕಟ್ಟಡ, ಗೋಡೆಯುದ್ದಕ್ಕೂ ಹಿಡಿದು ನಡೆಯಲು ಕಂಬಿ. ಅದರ ಹೆಸರಿನ ಕೆಳಗೆ ಅಸಿಸ್ಟೆಡ್ ಲಿವಿಂಗ್ ಎಂದು ಬರೆದಿತ್ತು. ವೃದ್ಧಾಶ್ರಮ ಅಲ್ಲ ಎಂದು ಮಾದೇಶ ಎರಡು ಮೂರು ಸಲ ಹೇಳಿದ. ನಮ್ಮ ಕೋಣೆ ನಮ್ಮದು, ನಮ್ಮ ಬಟ್ಟೆ ನಮ್ಮದು. ನಮ್ಮ ಕೈಲಾಗದ್ದಕ್ಕೆ ಮಾತ್ರ ಅವರು ಕೈ ಜೋಡಿಸುತ್ತಾರೆ, ಅದಕ್ಕೆ ಆ ಹೆಸರು. ಜೋಡಿ ಮಂಚದ ಕೋಣೆಯಲ್ಲಿ ನಾನೂ ಇರಬಹುದಾಗಿತ್ತು.

ಊರಿಗೆ ಇಷ್ಟು ವಿವರ ಬೇಕಿರಲಿಲ್ಲ. ಮಗ ಅವ್ವನನ್ನು ಆಶ್ರಮಕ್ಕೆ ಹಾಕಿದ ಎಂದಾಯಿತು. ಎದುರು ಮನೆಯವಳು ನನ್ನನ್ನು ಕೇಳಿದಳು, "ನೀವಿಬ್ರೂ ಓದ್ಮೇಕೆ ಸೊಸೆ ಟೀವಿ ನೋಡ್ಕಂಡ್ ಕುಂತ್ಕತಾಳಾ?" ಬೆಳಗಾಗೆದ್ದು ವ್ಯಾನಿಗೆ ಓಡುವ ಸುಧಾ ಅದನ್ನು ಕೇಳಿಸಿಕೊಂಡೂ ಕೇಳದವಳಂತೆ ನೀರು ಹಿಡಿಯುತ್ತಿದ್ದಳು. ಅಕ್ಕನನ್ನು ಕೇಳಿದೆವು. "ಸುಧಾರಸ್ಕಂಡ್ ಬರದಲ್ವಾ? ನಡೀರಿ" ಎಂದಳು. ಅವಳು ಒಪ್ಪಿದ್ದು ವಾಪಸು ಬರುವುದಕ್ಕೆ. ನಾವೂ ಹಾಗೆಂದೇ ಹೇಳಿ ಕರೆದುಕೊಂಡು ಹೋದೆವು.

ಅಲ್ಲಿನ ಒಳ್ಳೆಯದರಲ್ಲಿ ಮೊದಲನೆಯದು ಸೆಲ್ವಿ. ಆ ಬೆಳಿಗ್ಗೆ ರಟ್ಟು ಹಿಡಿದು ಬಂದವಳು. ಹನೂರಿನಾಚೆ ತಮಿಳುನಾಡಿನ ಗಡಿಗೆ ಹತ್ತಿರದ ಹಳ್ಳಿಯವಳು, ಒಂದೇ ಮಾತಿನಲ್ಲಿ ಅರ್ಧ ಕನ್ನಡ ಅರ್ಧ ತಮಿಳು. ಅಕ್ಕನನ್ನು ಪಾಟಿ ಎಂದಳು. ಪಾಟಿ ಎಂದರೆ ಅಜ್ಜಿ. ಮೆದುವಾ ಎಂದರೆ ಮೆಲ್ಲಗೆ. "ಮೆದುವಾ ಪಾಟಿ, ಮೆದುವಾ, ನಮ್ಗೇನ್ ಬಸ್ಸಾ ತಪ್ಪೋಯ್ತದೆ" ಎನ್ನುತ್ತ ಅಕ್ಕನ ಕಂಕುಳಲ್ಲಿ ಕೈ ಕೊಟ್ಟು, ಮೊಣಕಾಲಿನಿಂದ ತಾಳ ಹಾಕಿದಂತೆ ಒಂದು ಒತ್ತು ಕೊಟ್ಟು, ಕುರ್ಚಿಗೆ ಕೂರಿಸಿಬಿಡುತ್ತಿದ್ದಳು. ನಾನು ನಾಲ್ಕು ತಿಂಗಳು ಬೆನ್ನು ಮುರಿದುಕೊಂಡು ಮಾಡಿದ್ದನ್ನು ಅವಳು ಎರಡು ಉಸಿರಿನಲ್ಲಿ ಮಾಡುತ್ತಿದ್ದಳು. ಸ್ನಾನದ ಮನೆಯಲ್ಲಿ ತೂತಿನ ಕುರ್ಚಿ, ನಲ್ಲಿಯಲ್ಲಿ ಬಿಸಿನೀರು. ನಮ್ಮೂರಲ್ಲಿ, ಮಲಗಿ ಮಲಗಿ ಅಕ್ಕನ ಬೆನ್ನಿಗೆ ಆಗಿದ್ದ ಹುಣ್ಣಿಗೆ ಏನೇನೋ ಹಚ್ಚಿದ್ದೆ. ಸೆಲ್ವಿ ಎರಡೆರಡು ಗಂಟೆಗೆ ಹೊರಳಿಸಿ ಹೊರಳಿಸಿಯೇ ವಾಸಿ ಮಾಡಿದಳು.

ಊಟ ಮಾತ್ರ ನಮ್ಮದಲ್ಲ. ರಾಗಿ ಮುದ್ದೆ ವಾರಕ್ಕೆ ಎರಡು ದಿನ, ಅದೂ ಮಗುವಿನ ಮುಷ್ಟಿಯಷ್ಟು. ಉಳಿದಂತೆ ಅನ್ನ, ಮೆತ್ತಗೆ ಬೇಯಿಸಿದ ತರಕಾರಿ, ಬಾಯಿಗೆ ಖಾರ ತಾಕದ ಸಾರು. ಪಕ್ಕದ ಕೋಣೆಯಲ್ಲಿದ್ದ ರಾಚಪ್ಪ ಮೇಷ್ಟ್ರು ಊಟದ ಮನೆಯಲ್ಲಿ ಸೌಟಿನಿಂದ ಸಾರು ಕೆದಕಿ ನೋಡಿ, "ಬೇಳೆ ಯಾರ್ಗಾದ್ರೂ ಸಿಕ್ಕುದ್ರೆ ಆಫೀಸ್ಗೆ ಕೊಟ್ಬುಡಿ, ಪಾಪ ಅಡ್ಗೆಯವ್ರು ಕಳ್ಕಂಡವ್ರೆ" ಎನ್ನುತ್ತಿದ್ದರು. ಅಕ್ಕ ಬಾಯಿ ಬಿಟ್ಟು ನಕ್ಕದ್ದನ್ನು ನಾನು ವರ್ಷದ ಮೇಲೆ ನೋಡಿದ್ದು ಆ ಮಾತಿಗೆ. ಮಾದೇಶ ಭಾನುವಾರ ಬರುವಾಗ ಡಬ್ಬಿಯಲ್ಲಿ ಹುರುಳಿಕಾಳಿನ ಬಸ್ಸಾರು ತರುತ್ತಿದ್ದ. ಮೇಷ್ಟ್ರಿಗೂ ಒಂದು ಬಟ್ಟಲು.

ಊರಿನ ಸದ್ದೂ ಇರಲಿಲ್ಲ. ಮಾಂಬಳ್ಳಿಯಲ್ಲಿ ಬೆಳಿಗ್ಗೆ ಎದ್ದರೆ ನಲ್ಲಿಯ ಹತ್ತಿರ ಒಂದು ಜಗಳ, ದಾರಿಯಲ್ಲಿ ಒಂದು ಸುದ್ದಿ, ಬಾಗಿಲಲ್ಲಿ ಕೂತರೆ ಹೋಗುವವರೆಲ್ಲ ಉಂಡ್ರಾ ಎಂದು ಕೇಳಿಯೇ ಹೋಗುತ್ತಾರೆ. ಇಲ್ಲಿ ಉಂಡಿರಾ ಎಂದು ಕೇಳಿದರೆ ಅದನ್ನು ಬರೆದುಕೊಳ್ಳುತ್ತಾರೆ. ಗಂಟೆ ಒತ್ತಿದರೆ ಬರುತ್ತಾರೆ. ಗಂಟೆ ಒತ್ತದೆ ಸುಮ್ಮನೆ ಬಂದು ಕೂರುವವರು ಇಲ್ಲ. ಜಗಳವಾಡಲು ಯಾರೂ ಇಲ್ಲದಿರುವುದು ಎಂಥ ಒಂಟಿತನ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇನ್ನೊಂದಿತ್ತು, ಅದನ್ನು ಯಾರೂ ಸರಿಮಾಡುವ ಹಾಗಿರಲಿಲ್ಲ. ನಮ್ಮೂರಿಗೆ ಬಿಳಿಗಿರಿರಂಗನ ಬೆಟ್ಟ ಇರುವುದು ಹೊತ್ತು ಹುಟ್ಟುವ ಕಡೆ. ಹನೂರಿನ ಕಡೆಗೆ ಬಂದರೆ ಬೆಟ್ಟ ಬೆನ್ನಿಗೆ ಬೀಳುತ್ತದೆ, ಹೊತ್ತು ಅದರ ಹಿಂದೆ ಮುಳುಗುತ್ತದೆ. ಅಕ್ಕನ ಕಿಟಕಿಯಿಂದ ಬೆಟ್ಟದ ಸಾಲು ಕಾಣುತ್ತಿತ್ತು. ಸಂಜೆ ಅದರ ಮೇಲೆ ಕೆಂಪು ಬಂದಾಗ ಅವಳು ಬೆಳಗಾಯಿತು ಎಂದು ಕಾಫಿ ಕೇಳುತ್ತಿದ್ದಳು. ಇದು ಸಂಜೆ ಅಕ್ಕ ಎಂದರೆ, "ಬೆಟ್ದತ್ರ ಹೊತ್ ಉಟ್ಟದೆ, ಸಂಜೆ ಅಂತೀಯಲ್ಲ" ಎಂದು ನನ್ನ ತಲೆ ನೆಟ್ಟಗಿದೆಯೇ ಎಂಬಂತೆ ನೋಡುತ್ತಿದ್ದಳು. ಮೊದಲು ವಾದಿಸಿದೆ. ಆಮೇಲೆ ಸೆಲ್ವಿಗೆ ಹೇಳಿ ಸಂಜೆ ಆರಕ್ಕೆ ಅರ್ಧ ಲೋಟ ಕಾಫಿ ತರಿಸಿ, ಬೆಳಗಾಯಿತು ಕುಡಿ ಎನ್ನುತ್ತಿದ್ದೆ. ಅವಳು ಊದಿ ಊದಿ ಕುಡಿದು, ಮಾದೇಶ ಅಂಗಡಿಗೆ ಹೋದನೇ ಎಂದು ಕೇಳುತ್ತಿದ್ದಳು. ಹೋದ ಎನ್ನುತ್ತಿದ್ದೆ.

ಸೇರಿಸಬಹುದೇ ಎಂದು ಕೇಳುವವರಿಗೆ ಇದನ್ನೂ ಹೇಳಬೇಕು. ಆ ಏಳು ತಿಂಗಳಲ್ಲಿ ನಾನು ಅಕ್ಕನ ಮೇಲೆ ಒಂದು ದಿನವೂ ರೇಗಲಿಲ್ಲ. ತೊಳೆಯುವ ಕೈ ಬೇರೆಯವರದಾದ ಮೇಲೆ ನನ್ನ ಕೈಗೆ ಅವಳ ತಲೆ ಬಾಚುವುದು ಉಳಿಯಿತು, ಎಲೆ ಅಡಿಕೆ ಕುಟ್ಟಿ ಕೊಡುವುದು ಉಳಿಯಿತು. ಮಧ್ಯಾಹ್ನ ಅವಳ ಮಂಚಕ್ಕೆ ಒರಗಿ ಕೂತು ಹಳೆಯದನ್ನೆಲ್ಲ ಮಾತಾಡುತ್ತಿದ್ದೆವು. ಅವಳ ಬೆರಳುಗಳು ಹೊದಿಕೆಯ ಅಂಚನ್ನು ಸದಾ ತಡಕುತ್ತಿದ್ದವು. ಅದು ನರದ ದೋಷ ಎಂದು ಬಂದುಹೋಗುವ ಡಾಕ್ಟರು ಮಾತ್ರೆ ಬರೆದರು. ಅವಳು ನೀರಿನಲ್ಲಿ ಎಳೆಯ ತುದಿ ಹುಡುಕುತ್ತಿದ್ದಾಳೆ ಎಂದು ನಾನು ಹೇಳಲಿಲ್ಲ. ಮಾತ್ರೆಯನ್ನೂ ಕೊಟ್ಟೆ, ಹುಡುಕಲೂ ಬಿಟ್ಟೆ.

ಹೊಡೆದದ್ದಕ್ಕೆ ಕ್ಷಮಿಸು ಎಂದು ಒಂದು ದಿನ ಕೇಳಿದೆ. "ಯಾವಾಗ್ಲೇ ಒಡ್ದೆ?" ಎಂದಳು. ನಿಜಕ್ಕೂ ಮರೆತಿದ್ದಳೋ, ನನಗಾಗಿ ಮರೆತಳೋ, ಗೊತ್ತಾಗಲಿಲ್ಲ.

ಆರನೇ ತಿಂಗಳು ಕಳೆಯುವ ಹೊತ್ತಿಗೆ ಅಕ್ಕನ ಊಟ ಇಳಿಯಿತು. ಎರಡು ತುತ್ತು, ಆಮೇಲೆ ಒಂದು. ಅಲ್ಲಿನ ಉಸ್ತುವಾರಿ ನೋಡುವ ಮೇಡಂ ನನ್ನನ್ನು ಆಫೀಸಿಗೆ ಕರೆದು ಕೂರಿಸಿ, ದೊಡ್ಡಾಸ್ಪತ್ರೆಗೆ ಸೇರಿಸಿದರೆ ಊಟಕ್ಕೆ ಮೂಗಿಗೆ ನಳಿಗೆ ಹಾಕುತ್ತಾರೆ, ಇಲ್ಲೇ ಇದ್ದರೆ ನೋವಿಲ್ಲದಂತೆ ನೋಡಿಕೊಳ್ಳುತ್ತೇವೆ, ನೀವು ನಿರ್ಧಾರ ಮಾಡಿ ಎಂದರು. ಮುಚ್ಚುಮರೆ ಮಾಡದ ಹೆಂಗಸು. ನಾನು ಅಕ್ಕನನ್ನೇ ಕೇಳಿದೆ. "ಎರಡೂ ಬ್ಯಾಡ. ನಡಿ, ಮನ್ಗೋಗವ" ಎಂದಳು.

ಮಾದೇಶನಿಗೆ ಫೋನ್ ಮಾಡಿ, ಅವ್ವ ಮನೆಗೆ ಹೋಗೋಣ ಎನ್ನುತ್ತಿದ್ದಾಳೆ ಎಂದೆ. ಅವನು ಖುಷಿಯಿಂದಲೇ ಮಾತಾಡಿದ. ಅವನೊಂದು ಗುಟ್ಟು ಇಟ್ಟುಕೊಂಡಿದ್ದ. ಅವ್ವ ಬರುತ್ತಾಳೆಂದು ಪಡಸಾಲೆಯ ಮೂಲೆಯಲ್ಲೇ ಕಕ್ಕಸು ಕಟ್ಟಿಸಿದ್ದ, ಕುಳಿತುಕೊಳ್ಳುವಂಥದು. ಬೀದಿಯಿಂದ ಬಾಗಿಲಿಗೆ, ಗಾಲಿಕುರ್ಚಿ ಹತ್ತುವ ಹಾಗೆ ಇಳಿಜಾರು ಹಾಕಿಸುತ್ತಿದ್ದ. ಗಾರೆಯವನು ಆ ದಿನವಷ್ಟೇ ಮುಗಿಸಿ ಹೋಗಿದ್ದ. "ಎರಡ್ ದಿವ್ಸ ತಡಿ ಚಿಕ್ಕವ್ವ, ಸಿಮೆಂಟು ಹಸಿ ಅದೆ. ಗಾಲಿ ಊತ್ಕತದೆ. ಶನಿವಾರ ನಾನೇ ಗಾಡಿ ತಕಂಡ್ ಬತ್ತೀನಿ" ಎಂದ.

ಅವ್ವನನ್ನು ತೋಳಲ್ಲಿ ಎತ್ತಿಕೊಂಡು ಹೋದರಾಗದೇ, ಗಾಲಿ ಯಾಕೆ ಬೇಕು ಎಂದು ನಾನು ಕೇಳಬಹುದಾಗಿತ್ತು. ಅವಳು ಆಗ ಒಂದು ಮೂಟೆ ಹತ್ತಿಯಷ್ಟೂ ಭಾರ ಇರಲಿಲ್ಲ. ಕೇಳಲಿಲ್ಲ. ಏಳು ತಿಂಗಳು ಕಳೆದದ್ದಾಯಿತು, ಎರಡು ದಿನ ಏನು ಮಹಾ ಎಂದುಕೊಂಡೆ. ಅವಳು ತನ್ನ ಹೊಸ ದಾರಿಯಲ್ಲಿ ಕುರ್ಚಿಯ ಮೇಲೆ ಕೂತು, ಎದುರು ಮನೆಯವಳು ನೋಡುತ್ತಿರುವಾಗ, ಮನೆಯೊಳಗೆ ಹೋಗಲಿ ಎಂಬ ಆಸೆ ನನಗೂ ಇತ್ತು. ಅದನ್ನೂ ಇಲ್ಲಿ ಬರೆಯಬೇಕು.

ಶುಕ್ರವಾರ ಮಧ್ಯಾಹ್ನ ಸೆಲ್ವಿ ಅವಳ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದಳು. ನಾನು ಊರಿಗೆ ಒಯ್ಯಲು ಬಟ್ಟೆ ಮಡಿಸುತ್ತಿದ್ದೆ. ಸೆಲ್ವಿ, "ಅಮ್ಮಾ, ಬನ್ನಿ ಇಲ್ಲಿ" ಎಂದಳು. ಅವಳ ದನಿ ಏರಲಿಲ್ಲ. ನಾನು ಹೋಗಿ ಕೈ ಹಿಡಿಯುವಷ್ಟರಲ್ಲಿ ಅಕ್ಕ ಒಂದು ಸಲ ಬಾಯಿ ತೆರೆದಳು, ಮತ್ತೆ ಮುಚ್ಚಲಿಲ್ಲ. ಹೊದಿಕೆಯ ಅಂಚಿನಲ್ಲಿ ಬೆರಳು ನಿಂತಿತ್ತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಹೊರಗೆ ಜೀವ ಹೋದರೆ ಆ ಹೆಣವನ್ನು ಮನೆಯೊಳಗೆ ತರುವುದಿಲ್ಲ. ಹೊಸ್ತಿಲ ಹೊರಗೇ ಚಾಪೆ ಹಾಕಿ ಮಲಗಿಸಬೇಕು. ಅದಕ್ಕೇ ಜನ ಮೈಸೂರಿನ ಆಸ್ಪತ್ರೆಗಳಿಂದ ಆಕ್ಸಿಜನ್ ಹಾಕಿಸಿಕೊಂಡು ಊರಿಗೆ ಓಡಿ ಬರುತ್ತಾರೆ. ದಾರಿಯಲ್ಲೇ ಜೀವ ಹೋಗಿದ್ದರೂ, ಬಾಗಿಲಿಗೆ ಬಂದ ಮೇಲೆ ಒಂದು ಗುಟುಕು ನೀರು ಕುಡಿದರು, ಆಮೇಲೆ ಹೋಯಿತು ಎನ್ನುತ್ತಾರೆ. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಯಾರೂ ಮೈ ಮುಟ್ಟಿ ನೋಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಎಷ್ಟೋ ಜನ ಹೀಗೆ ಬಾಗಿಲಲ್ಲಿ ಕೊನೆಯ ನೀರು ಕುಡಿದಿದ್ದಾರೆ.

ಆಂಬುಲೆನ್ಸಿಗೆ ಹತ್ತಿಸುವಾಗ ಸೆಲ್ವಿ ನನ್ನ ಕಿವಿಯಲ್ಲಿ ಅದನ್ನೇ ಹೇಳಿದಳು. "ಊರ್ ಬರೋಗಂಟ ಉಸ್ರಿತ್ತು ಅನ್ನಿ ಅಮ್ಮಾ. ನಮ್ಮೂರಲ್ಲೂ ಅಂಗೇ ಅನ್ನದು." ನಾನು ತಲೆಯಾಡಿಸಿದೆ. ಕೊಳ್ಳೇಗಾಲ ದಾಟಿ ಮಾಂಬಳ್ಳಿ ಬರುವವರೆಗೂ ಆ ಮಾತನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬಂದೆ, ಪಾಠ ಒಪ್ಪಿಸುವ ಮಗುವಿನ ಹಾಗೆ.

ಬೀದಿಯಲ್ಲಿ ಜನ ಸೇರಿದ್ದರು. ನಂಜಪ್ಪ ಮಾವ ನಮ್ಮ ವಂಶದಲ್ಲಿ ಈಗ ಉಳಿದಿರುವ ಹಿರಿಯರು, ಕೋಲೂರಿಕೊಂಡು ಮುಂದೆ ಬಂದರು. ಅವರು ಕೇಳಿದ ರೀತಿಯಲ್ಲೇ ನನಗೆ ದಾರಿ ಮಾಡಿಕೊಟ್ಟಿದ್ದರು. "ಊರ್ ಬಾಗ್ಲುಗ್ ಬಂದಾಗ ಉಸುರಿತ್ತೇನವ್ವ?" ಎಂದರು. ಹೂಂ ಎಂದಿದ್ದರೆ ಸಾಕಿತ್ತು. ತಲೆಯಾಡಿಸಿದ್ದರೂ ಸಾಕಿತ್ತು.

"ಇಲ್ಲ ಮಾವ. ಅಲ್ಲೇ ಓಯ್ತು," ಎಂದೆ.

ಯಾಕೆ ಹಾಗೆಂದೆ ಎಂದು ಇವತ್ತಿಗೂ ನನಗೆ ಪೂರ್ತಿ ತಿಳಿಯದು. ಹೊತ್ತಿಗೆ ಸರಿಯಾಗಿ ಕರೆತರಲಿಲ್ಲ ಎಂಬುದನ್ನು ಯಾರಿಗಾದರೂ ಒಪ್ಪಿಸಬೇಕು ಅನ್ನಿಸಿತ್ತೋ ಏನೋ. ತುಟಿಗೆ ಹತ್ತಿ ಒತ್ತಿದ ಆ ಹುಡುಗಿಯ ಕೈಯನ್ನು ಇಲ್ಲವೆನ್ನಲು ಬಾಯಿ ಬರಲಿಲ್ಲವೋ ಏನೋ. ಮಾವ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಎಲ್ಲರ ಮುಂದೆ ಆಡಿದ ಮಾತನ್ನು ಅವರೂ ಕೇಳಿಸಿಕೊಳ್ಳದಂತೆ ಇರುವ ಹಾಗಿರಲಿಲ್ಲ. "ಚಾಪೆ ತನ್ರಪ್ಪ. ಆಚ್ಗೇ ಆಕಿ" ಎಂದರು.

ಆ ಇಳಿಜಾರು ಅಷ್ಟು ಹೊತ್ತಿಗೆ ಒಣಗಿ ಬೆಳ್ಳಗಾಗಿತ್ತು. ಅಕ್ಕ ಅದರ ಬುಡದಲ್ಲಿ, ಬೀದಿಯಲ್ಲಿ ಮಲಗಿದಳು. ತಲೆಯಿಂದ ಬಾಗಿಲಿಗೆ ನಾಲ್ಕು ಮಾರೂ ಇರಲಿಲ್ಲ. ನಲವತ್ತಾರು ವರ್ಷ ಅವಳ ಜೊತೆ ಒಂದೇ ಸೂರಿನ ಕೆಳಗಿದ್ದ ನಾನು ಅವಳನ್ನು ಆ ನಾಲ್ಕು ಮಾರು ಒಳಗೆ ತರಲಿಲ್ಲ. ಮಾದೇಶ ಅವಳ ಕಾಲ ಬಳಿ ಕೂತಿದ್ದ. ನನ್ನ ಕಡೆ ನೋಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಮಣ್ಣಾಯಿತು.

ಜೀವ ಹೋದ ಜಾಗದಲ್ಲಿ ಹನ್ನೊಂದು ದಿನ ದೀಪ ಉರಿಯಬೇಕು. ಅಲ್ಲೇ ಹೋಯಿತು ಎಂದ ಮೇಲೆ ದೀಪವನ್ನೂ ಅಲ್ಲೇ ಹಚ್ಚಬೇಕು ಎಂದರು. ಸೆಲ್ವಿಗೆ ಫೋನ್ ಮಾಡಿದೆ. ಮೇಡಂ ಕೋಣೆಯೊಳಗೆ ಬೆಂಕಿ ಬೇಡವೆಂದರಂತೆ. ಪಕ್ಕದ ಕೋಣೆಗಳಲ್ಲಿ ಆಕ್ಸಿಜನ್ ಸಿಲಿಂಡರ್ ಇರುತ್ತದೆ, ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬ್ಯಾಟರಿಯ ದೀಪ ಒಂದನ್ನು ತಾವೇ ತರಿಸಿ ಕೊಟ್ಟರಂತೆ. ಸೆಲ್ವಿ ಅದನ್ನು ಕೋಣೆಯೊಳಗಿಟ್ಟು, ಕಿಟಕಿಯ ಹೊರಗೆ ಗೋಡೆಯ ಬುಡದಲ್ಲಿ ಒಂದು ಎಣ್ಣೆ ಡಬ್ಬವನ್ನು ಕತ್ತರಿಸಿ ಅಡ್ಡ ಮಲಗಿಸಿ, ಅದರೊಳಗೆ ಹಣತೆ ಹಚ್ಚಿದ್ದಳು. ಮೂರನೇ ದಿನದ ಹಾಲುತುಪ್ಪ ಮುಗಿಸಿ ನಾನು ಹೋಗಿ ನೋಡಿದಾಗ ಅದು ಉರಿಯುತ್ತಿತ್ತು. ಅವಳ ರಜೆಯ ದಿನ ರಾಚಪ್ಪ ಮೇಷ್ಟ್ರು ಕಂಬಿ ಹಿಡಿದುಕೊಂಡು ಬಂದು ಎಣ್ಣೆ ಹಾಕಿದ್ದರಂತೆ. ಊರಲ್ಲಿ ಬಾಗಿಲಾಚೆ, ಇಲ್ಲಿ ಕಿಟಕಿಯಾಚೆ. ಅಕ್ಕನಿಗೆ ಎರಡು ಕಡೆಯೂ ಒಳಗೆ ಜಾಗವಾಗಲಿಲ್ಲ.

ತಿಥಿ ಮುಗಿದ ಮೇಲೆ ಆ ಕೋಣೆ ಬೇರೆಯವರಿಗೆ ಹೋಯಿತು. ನನ್ನನ್ನು ಏನು ಮಾಡುವುದೆಂದು ಮೇಡಂ ಕೇಳಿದರು. ಇಲ್ಲಿಯವರೆಗೆ ನಾನು ಅಕ್ಕನ ಜೊತೆಯವಳಾಗಿದ್ದೆ. ಇನ್ನು ಇರುವುದಾದರೆ ನನ್ನ ಹೆಸರಿನಲ್ಲೇ ಸೇರಬೇಕು, ಇಲ್ಲವಾದರೆ ಊರಿಗೆ ಹೋಗಬೇಕು. ತಿಂಗಳ ಕೊನೆಯವರೆಗೆ ಯೋಚಿಸಿ ಎಂದರು.

ಊರಿಗೆ ಹೋಗಿ ಹತ್ತು ದಿನ ಇದ್ದು ನೋಡಿದೆ. ಸುಧಾ ಒಳ್ಳೆಯವಳು, ಬಿಸಿನೀರು ಕಾಯಿಸಿಟ್ಟು ವ್ಯಾನಿಗೆ ಓಡುತ್ತಿದ್ದಳು. ಅಕ್ಕನಿಗೆಂದು ಕಟ್ಟಿಸಿದ ಕಕ್ಕಸನ್ನು ನಾನೇ ಬಳಸಬೇಕಿತ್ತು, ನನ್ನ ಬೆನ್ನಿಗೆ ಅದು ಅನುಕೂಲ. ಒಳಗೆ ಹೋಗಿ ಕೂತರೆ ಎದ್ದ ಮೇಲೆ ಅಳು ಬರುತ್ತಿತ್ತು. ಇಳಿಜಾರಿನ ಮೇಲೆ ಕಾಲಿಡಲಿಲ್ಲ, ಪಕ್ಕದಲ್ಲಿ ಉಳಿದಿರುವ ಹಳೆಯ ಮೆಟ್ಟಿಲು ಹತ್ತುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಎಚ್ಚರವಾಗಿ, ಯಾರೋ ರಟ್ಟು ಹಿಡಿದು ಬಂದು ಕೇಳುತ್ತಾರೆ ಎಂದು ಕಾಯುತ್ತಿದ್ದೆ. ಯಾರೂ ಬರುತ್ತಿರಲಿಲ್ಲ.

ಹನೂರಿನ ಕಡೆಯ ಈ ಮನೆಗೆ ಬಂದರೆ ಊರಿನ ನಲ್ಲಿ ಜಗಳ ಕಿವಿಯಲ್ಲಿ ಕೇಳುತ್ತಿತ್ತು. ಕೊನೆಗೆ ಇಲ್ಲಿಯೇ ಹೆಸರು ಬರೆಸಿದೆ. ನನ್ನ ಜೊತೆ ಈಗಿರುವ ಮುದುಕಿಗೆ ತಮಿಳು ಬಿಟ್ಟು ಬೇರೆ ಬಾರದು. ಅವಳಿಗೆ ಊಟ ಮಾಡಿಸುವಾಗ ನಾನೂ ಮೆದುವಾ ಮೆದುವಾ ಎನ್ನುತ್ತೇನೆ.

ಫೋನ್ ಮಾಡುವವರಿಗೆ ಹೇಳುವುದಿಷ್ಟು. ಸೇರಿಸಿ. ಹೊಡೆಯುವ ಹಂತಕ್ಕೆ ಬರುವ ಮೊದಲೇ ಸೇರಿಸಿ. ಅಲ್ಲಿ ಮೈ ಚೆನ್ನಾಗಿ ನೋಡಿಕೊಳ್ಳುತ್ತಾರೆ, ನಿಮ್ಮ ಮನಸ್ಸೂ ನಿಮಗೆ ವಾಪಸು ಸಿಗುತ್ತದೆ. ಆದರೆ ಮನೆಗೆ ಹೋಗೋಣ ಎಂದು ಅವರು ಕೇಳಿದ ದಿನ, ಸಿಮೆಂಟು ಹಸಿಯಿದ್ದರೂ, ಮಳೆ ಸುರಿಯುತ್ತಿದ್ದರೂ, ಎತ್ತಿಕೊಂಡು ಹೊರಟುಬಿಡಿ.

ಮಾದೇಶ ಈಗಲೂ ಭಾನುವಾರ ಬರುತ್ತಾನೆ. ಬಸ್ಸಾರಿನ ಡಬ್ಬಿ ತರುತ್ತಾನೆ, ಮೇಷ್ಟ್ರಿಗೂ ಕೊಡುತ್ತಾನೆ. ಅವತ್ತಿನ ವಿಷಯವನ್ನು ಅವನೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಹೋದ ಭಾನುವಾರ ಮರದ ಕೆಳಗಿನ ಬೆಂಚಿನಲ್ಲಿ ಕೂತಿದ್ದಾಗ ನಾನೇ ಬಾಯಿಬಿಟ್ಟೆ. ನನಗೂ ಇಲ್ಲೇ ಆಗಿಹೋದರೆ, ಊರಲ್ಲಿ ಕೇಳಿದವರಿಗೆ ಬಾಗಿಲಲ್ಲಿ ನೀರು ಕುಡಿದಳು ಎಂದು ಹೇಳಿಬಿಡು, ಒಂದು ಗಳಿಗೆಯಾದರೂ ನಮ್ಮ ಪಡಸಾಲೆಯಲ್ಲಿ ಮಲಗಿಸು ಎಂದು ಕೇಳಿದೆ. ಕೇಳಬಾರದಿತ್ತು. ಆಸೆಗೆ ನಾಚಿಕೆ ಇರುವುದಿಲ್ಲ.

ಅವನು ಡಬ್ಬಿಯ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಬಿಗಿ ಮಾಡಿದ. ಆಮೇಲೆ, "ಅವ್ವುನ್ನ ಆಚೆ ಮಡಗ್ಬುಟ್ಟು, ಸುಳ್ಳೇಳಿ ನಿನ್ನ ಒಳಿಕ್ಕೆ ಕರ್ಕಳಕ್ಕೆ ಎಂಗಾಯ್ತದೆ ಚಿಕ್ಕವ್ವ?" ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ.

"ಆಗಕಿಲ್ಲ ಕಣಪ್ಪ," ಎಂದೆ. "ನಂಗೂ ಆಚೇಲೇ ಚಾಪೆ ಆಕು. ಅವ್ವುನ್ ಮಡಗಿದ್ರಲ್ಲ, ಅಲ್ಲೇ."

ಅವನು ಮುಖ ಒರೆಸಿಕೊಂಡು, ಕೊಳ್ಳೇಗಾಲದ ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ಗೇಟಿನವರೆಗೆ ಜೊತೆಯಲ್ಲಿ ಹೋದೆ. ಗೇಟು ದಾಟಿ ಹೋಗಬೇಕಾದರೆ ಇಲ್ಲಿ ಪುಸ್ತಕದಲ್ಲಿ ಹೆಸರು ಬರೆಯಬೇಕು. ಬರೆಯದೆ ಒಳಗೇ ನಿಂತು, ಬಸ್ಸು ಅವನನ್ನು ಹತ್ತಿಸಿಕೊಂಡು ಊರಿನ ದಿಕ್ಕಿಗೆ ತಿರುಗುವವರೆಗೂ ನೋಡಿದೆ.